ಬೀವರ್‌ಗಿಂತ ಕೆಳಗೆ, ಮೀರ್‌ಕ್ಯಾಟ್‌ಗಿಂತ ಮೇಲೆ: ಒಂದೇ ಸಂಗಾತಿ ಅನ್ನೋದು ಮನುಷ್ಯರಿಗೆ ಸಹಜವೇ?

2025ರ ಡಿಸೆಂಬರ್‌ನಲ್ಲಿ ಒಂದು ಸಂಶೋಧನೆಯ ಸುದ್ದಿ ಬಹಳ ಕಡೆ ಓಡಾಡಿತು. ಒಂದೇ ಜೋಡಿಯಾಗಿ ಮಕ್ಕಳು ಮಾಡಿಕೊಳ್ಳುವ ವಿಷಯದಲ್ಲಿ ಯಾವ ಪ್ರಾಣಿ ಎಷ್ಟನೇ ಸ್ಥಾನದಲ್ಲಿದೆ ಎಂಬ ಪಟ್ಟಿ ಅದು. ಮನುಷ್ಯರು ಹೊಳೆಗೆ ಒಡ್ಡು ಕಟ್ಟುವ ಬೀವರ್ ಎಂಬ ಪ್ರಾಣಿಗಿಂತ ಸ್ವಲ್ಪ ಕೆಳಗೆ, ಆಫ್ರಿಕಾದ ಮುಂಗುಸಿ ಜಾತಿಯ ಮೀರ್‌ಕ್ಯಾಟ್‌ಗಿಂತ ಸ್ವಲ್ಪ ಮೇಲೆ ಇದ್ದರು. ನೂರಕ್ಕೆ ಬೀವರ್‌ಗೆ 73, ನಮಗೆ 66, ಮೀರ್‌ಕ್ಯಾಟ್‌ಗೆ 60.

ಈ ಅಂಕಿಯನ್ನು ಎರಡು ರೀತಿ ಓದಬಹುದು. "ನೋಡಿ, ಒಬ್ಬರಿಗೊಬ್ಬರು ಅನ್ನೋದು ನಮ್ಮ ರಕ್ತದಲ್ಲೇ ಇದೆ" ಎನ್ನಬಹುದು. "ಹಾಗಾದರೆ ಉಳಿದ 34ರ ಕಥೆ ಏನು?" ಎಂದೂ ಕೇಳಬಹುದು. ಎರಡೂ ಓದು ಇದನ್ನು ಪರೀಕ್ಷೆಯ ಮಾರ್ಕ್ಸ್ ಥರ ನೋಡುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿ. 66 ಎಂದರೆ ನೂರು ಜನರಲ್ಲಿ 66 ಜನ ನಿಷ್ಠಾವಂತರು ಎಂದೇನೂ ಅಲ್ಲ. ನಿಷ್ಠೆಯನ್ನು ಆ ಸಂಶೋಧನೆ ಅಳೆದೇ ಇಲ್ಲ.

## ಎಣಿಸಿದ್ದು ಒಡಹುಟ್ಟಿದವರನ್ನು

ಈ ಕೆಲಸ ಮಾಡಿದ್ದು ಕೇಂಬ್ರಿಜ್ ವಿಶ್ವವಿದ್ಯಾಲಯದ ಮಾರ್ಕ್ ಡೈಬಲ್. ಅವರ ಉಪಾಯ ಸರಳ. ಯಾವ ಪ್ರಾಣಿ ಯಾರ ಜೊತೆ ಕೂಡಿತು ಎಂದು ಕಾಯುತ್ತ ಕೂರುವ ಬದಲು ಹುಟ್ಟಿದ ಮರಿಗಳನ್ನು ನೋಡುವುದು. ಒಡಹುಟ್ಟಿದವರಲ್ಲಿ ಎಷ್ಟು ಪಾಲು ಜನಕ್ಕೆ ಅಪ್ಪ-ಅಮ್ಮ ಇಬ್ಬರೂ ಒಂದೇ, ಎಷ್ಟು ಪಾಲಿಗೆ ಅಪ್ಪ ಮಾತ್ರ ಅಥವಾ ಅಮ್ಮ ಮಾತ್ರ ಒಂದೇ ಎಂದು ಲೆಕ್ಕ ಹಾಕುವುದು. ಮೊದಲನೆಯವರ ಪಾಲು ಜಾಸ್ತಿ ಇದ್ದಷ್ಟೂ ಆ ಪ್ರಾಣಿ ಒಂದೇ ಜೋಡಿಗೆ ಅಂಟಿಕೊಂಡಿದೆ ಎಂದರ್ಥ.

ಈ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾದ ಡಿಯರ್‌ಮೌಸ್ ಎಂಬ ಪುಟ್ಟ ಇಲಿಗೆ ನೂರಕ್ಕೆ ನೂರು. ಸ್ಕಾಟ್ಲೆಂಡಿನ ಸೋಯೆ ಕುರಿಗೆ ಒಂದೂ ಇಲ್ಲ, 0.6. ನಮ್ಮ ಹತ್ತಿರದ ನೆಂಟರು ಇರುವುದು ಕುರಿಯ ಪಕ್ಕದಲ್ಲೇ: ಚಿಂಪಾಂಜಿಗೆ 4, ಬೆಟ್ಟದ ಗೊರಿಲ್ಲಾಗೆ 6. ಮನುಷ್ಯರ 66 ಒಂದೇ ಊರಿನದಲ್ಲ, ಒಂದೇ ಕಾಲದ್ದೂ ಅಲ್ಲ. ಹಳೆಯ ಸಮಾಧಿಗಳ ಡಿಎನ್‌ಎಯಿಂದ ಹಿಡಿದು ಮಾನವಶಾಸ್ತ್ರಜ್ಞರು ದಾಖಲಿಸಿದ ಸಮುದಾಯಗಳವರೆಗೆ ನೂರಕ್ಕೂ ಹೆಚ್ಚು ಜನಸಮೂಹಗಳನ್ನು ಸೇರಿಸಿ ತೆಗೆದ ಅಂಕಿ.

ಒಂದು ಸಣ್ಣ ಲೆಕ್ಕ ಮಾಡಿದರೆ ಇದರ ಗುಟ್ಟು ತಿಳಿಯುತ್ತದೆ. ಗಂಡ-ಹೆಂಡತಿಗೆ ಮೂರು ಮಕ್ಕಳಿವೆ ಅಂದುಕೊಳ್ಳಿ. ಆ ಮೂವರನ್ನು ಇಬ್ಬಿಬ್ಬರಂತೆ ಜೋಡಿಸಿದರೆ ಮೂರು ಜೋಡಿ. ಮೂರೂ ಪೂರ್ತಿ ಒಡಹುಟ್ಟಿದವರೇ. ಅಂಕಿ ನೂರು. ಈಗ ಗಂಡ ತೀರಿಕೊಂಡ, ಹೆಂಡತಿ ಮರುಮದುವೆಯಾಗಿ ಇನ್ನೊಂದು ಮಗು ಹೆತ್ತಳು. ಮಕ್ಕಳು ನಾಲ್ಕು, ಜೋಡಿ ಆರು. ಅದರಲ್ಲಿ ಪೂರ್ತಿ ಒಡಹುಟ್ಟಿದ ಜೋಡಿ ಮೂರೇ. ಅಂಕಿ ಸೀದಾ 50ಕ್ಕೆ ಇಳಿಯಿತು. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಒಂದು ಸಾವು ಆಯಿತು, ಅಷ್ಟೇ. ಬಾಣಂತಿಯರು ಆಗಾಗ ಸಾಯುತ್ತಿದ್ದ ಕಾಲದಲ್ಲಿ, ಗಂಡಸರು ಯುದ್ಧಕ್ಕೆ ಹೋಗಿ ಮರಳದ ಕಾಲದಲ್ಲಿ ಆ 34ರೊಳಗೆ ಇಂಥ ಎಷ್ಟು ಮನೆಗಳಿವೆಯೋ.

ಉಲ್ಟಾ ಕೂಡ ನಿಜ. ಮನೆಯ ಹೊರಗೆ ಹತ್ತು ಸಂಬಂಧ ಇಟ್ಟುಕೊಂಡವನಿಗೆ ಹೊರಗೆ ಮಗು ಆಗಲಿಲ್ಲ ಎಂದರೆ ಈ ಲೆಕ್ಕದಲ್ಲಿ ಅವನೂ ನೂರಕ್ಕೆ ನೂರು. ಬೇರೆ ಸಸ್ತನಿಗಳಲ್ಲಿ ಕೂಡುವುದಕ್ಕೂ ಹೆರುವುದಕ್ಕೂ ಗಟ್ಟಿ ನಂಟಿದೆ. ಗರ್ಭನಿರೋಧಕ ಕಂಡುಹಿಡಿದ ನಾವು ಆ ನಂಟನ್ನು ಕತ್ತರಿಸಿದ್ದೇವೆ. ಡೈಬಲ್ ಸ್ವತಃ ಇದನ್ನು ಬಿಡಿಸಿ ಹೇಳಿದ್ದಾರೆ. ಆದರೆ ತಲೆಬರಹದಲ್ಲಿ ಇಷ್ಟೆಲ್ಲ ಹಿಡಿಸಲ್ಲ ಅಲ್ವಾ.

## ಎರಡು ಸಮಾಧಿ, ಎರಡು ಉತ್ತರ

ಸರಾಸರಿ ಎಂಬುದು ಎಷ್ಟನ್ನು ಮುಚ್ಚಿಡುತ್ತದೆ ಎಂದು ನೋಡಲು ಎರಡು ಹಳೆಯ ಸಮಾಧಿಗಳ ಬಳಿ ಹೋಗಬೇಕು.

ಒಂದು ಇಂಗ್ಲೆಂಡಿನ ಹೇಜಲ್ಟನ್ ನಾರ್ತ್. ಸುಮಾರು 5,700 ವರ್ಷ ಹಳೆಯ ಕಲ್ಲಿನ ಸಮಾಧಿ. ಅಲ್ಲಿ ಸಿಕ್ಕ 35 ಜನರ ಡಿಎನ್‌ಎ ತೆಗೆದು ನೋಡಿದರೆ 27 ಜನ ಒಂದೇ ಕುಟುಂಬದ ಐದು ತಲೆಮಾರಿನವರು. ಆ ವಂಶದ ಬುಡದಲ್ಲಿ ಒಬ್ಬ ಗಂಡಸು, ಅವನಿಂದ ಮಕ್ಕಳನ್ನು ಪಡೆದ ನಾಲ್ಕು ಹೆಂಗಸರು. ಆ ನಾಲ್ವರೂ ಒಟ್ಟಿಗೇ ಇದ್ದರೋ ಒಬ್ಬಳ ನಂತರ ಒಬ್ಬಳು ಬಂದರೋ, ಅದನ್ನು ಮೂಳೆ ಹೇಳುವುದಿಲ್ಲ.

ಇನ್ನೊಂದು ಫ್ರಾನ್ಸಿನ ಗುರ್ಜಿ. ಇದು ಇನ್ನೂ ಹಳೆಯದು. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ 64 ಜನರನ್ನು ಏಳು ತಲೆಮಾರಿನ ಒಂದೇ ವಂಶವೃಕ್ಷದಲ್ಲಿ ಕೂರಿಸಲು ಸಾಧ್ಯವಾಯಿತು. ಅಷ್ಟು ದೊಡ್ಡ ಕುಟುಂಬದಲ್ಲಿ ಮಲ ಅಣ್ಣ-ತಮ್ಮ, ಮಲ ಅಕ್ಕ-ತಂಗಿ ಎನ್ನಬಹುದಾದವರು ಒಬ್ಬರೂ ಸಿಗಲಿಲ್ಲ. ಒಡಹುಟ್ಟಿದವರೆಲ್ಲ ಅಪ್ಪ-ಅಮ್ಮ ಇಬ್ಬರೂ ಒಂದೇ ಆದವರು.

ಎರಡೂ ಕಡೆಯವರು ಹೊಲ ಉಳುತ್ತ ದನ ಸಾಕುತ್ತ ಬದುಕಿದವರು. ದೇಹ ಒಂದೇ, ಮಿದುಳು ಒಂದೇ, ಕಸುಬೂ ಹೆಚ್ಚುಕಡಿಮೆ ಒಂದೇ. ಮನೆ ಕಟ್ಟಿದ ರೀತಿ ಮಾತ್ರ ಬೇರೆ. ಹೀಗಿರುವಾಗ "ಮನುಷ್ಯರ ಸಹಜ ಸ್ವಭಾವ" ಎಂಬ ಒಂದೇ ಉತ್ತರವನ್ನು ಇವರಿಬ್ಬರಲ್ಲಿ ಯಾರಿಂದ ತೆಗೆಯುವುದು?

## ಹಕ್ಕಿಗಳು ಕಲಿಸಿದ ಪಾಠ

ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದೇ ಹಗ್ಗದಲ್ಲಿ ಸಿಕ್ಕಿಕೊಂಡಿವೆ. ಯಾರು ಯಾರ ಜೊತೆ ಮನೆ ಮಾಡುತ್ತಾರೆ? ಮಗು ಯಾರದು? ಮನಸ್ಸು ಯಾರನ್ನು ಬಯಸುತ್ತದೆ? ಇವು ಮೂರೂ ಒಂದೇ ಎಂದು ವಿಜ್ಞಾನಿಗಳೂ ಒಂದು ಕಾಲದಲ್ಲಿ ನಂಬಿದ್ದರು. ಹಕ್ಕಿಗಳ ವಿಷಯದಲ್ಲಂತೂ ಖಂಡಿತ.

ಹಕ್ಕಿ ಜಾತಿಗಳಲ್ಲಿ ನೂರಕ್ಕೆ 90ರಷ್ಟು ಜೋಡಿಯಾಗಿ ಗೂಡು ಕಟ್ಟುತ್ತವೆ. ಗಂಡು-ಹೆಣ್ಣು ಸೇರಿ ಮರಿಗೆ ಗುಟುಕು ಕೊಡುತ್ತವೆ. ಜೋಡಿಹಕ್ಕಿ ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ. ಆದರೆ 1980ರ ದಶಕದಲ್ಲಿ ಡಿಎನ್‌ಎ ಗುರುತು ಹಿಡಿಯುವ ತಂತ್ರ ಬಂತು. ಗೂಡಿನ ಮರಿಗಳ ರಕ್ತ ಪರೀಕ್ಷಿಸಿದರೆ ಒಂದಾದ ಮೇಲೊಂದು ಜಾತಿಯಲ್ಲಿ ಪಕ್ಕದ ಗೂಡಿನ ಗಂಡಿನ ಮರಿಗಳು ಸಿಕ್ಕವು. ಆಸ್ಟ್ರೇಲಿಯಾದ ಫೇರಿ-ರೆನ್ ಎಂಬ ನೀಲಿ ಹಕ್ಕಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳ ಅಪ್ಪ ಗೂಡಿನ ಯಜಮಾನನಲ್ಲ. ಆದರೂ ಗೂಡು ಒಡೆಯುವುದಿಲ್ಲ. ಜೋಡಿ ಜೋಡಿಯಾಗಿಯೇ ಇರುತ್ತದೆ.

ಅಲ್ಲಿಂದಾಚೆಗೆ ಸಂಶೋಧಕರು ಮನೆ ಕಟ್ಟುವ ಜೋಡಿತನ ಬೇರೆ, ಮರಿ ಮಾಡುವ ಜೋಡಿತನ ಬೇರೆ ಎಂದು ಬಿಡಿಸಿ ಹೇಳತೊಡಗಿದರು.

ನಮ್ಮ ಭಾಷೆಗೆ ಇದರ ಸುಳಿವು ಮೊದಲೇ ಇತ್ತೇನೋ. ಒಬ್ಬಳೇ ಹೆಂಡತಿ ಎಂದು ನಡೆದುಕೊಳ್ಳುವುದಕ್ಕೆ ಇರುವ ಮಾತು ಏಕಪತ್ನೀವ್ರತ. ವ್ರತ! ಹಿಡಿಯಬೇಕಾದದ್ದು, ಕಾಪಾಡಬೇಕಾದದ್ದು, ತಪ್ಪಬಹುದಾದದ್ದು. ಉಸಿರಾಡುವುದಕ್ಕೆ ಯಾರೂ ವ್ರತ ಹಿಡಿಯುವುದಿಲ್ಲ.

## ಜೋಡಿ ಯಾಕೆ ಹುಟ್ಟಿತು?

ಸಸ್ತನಿಗಳಲ್ಲಿ ಜೋಡಿಯಾಗಿ ಬಾಳುವುದು ಅಪರೂಪ. ಕಾರಣ ಸ್ಪಷ್ಟ. ಮರಿ ಅಮ್ಮನ ಹೊಟ್ಟೆಯಲ್ಲೇ ಬೆಳೆಯುತ್ತದೆ, ಅವಳ ಹಾಲನ್ನೇ ಕುಡಿಯುತ್ತದೆ. ಅಪ್ಪನಿಗೆ ಅಲ್ಲಿ ಕೆಲಸ ಕಡಿಮೆ. ಅವನು ಇನ್ನೊಂದು ಹೆಣ್ಣನ್ನು ಹುಡುಕಿಕೊಂಡು ಹೋದರೆ ಅವನ ಸಂತಾನಕ್ಕೇ ಲಾಭ. ಹಾಗಿದ್ದೂ ಕೆಲವು ಜಾತಿಗಳಲ್ಲಿ ಗಂಡು ಉಳಿದದ್ದು ಯಾಕೆ?

2013ರ ಜುಲೈನಲ್ಲಿ ಒಂದೇ ವಾರ ಎರಡು ಉತ್ತರಗಳು ಬಂದವು. ಎರಡೂ ಒಂದಕ್ಕೊಂದು ವಿರುದ್ಧ. ಡೀಟರ್ ಲೂಕಾಸ್ ಮತ್ತು ಟಿಮ್ ಕ್ಲಟನ್-ಬ್ರಾಕ್ ಎರಡೂವರೆ ಸಾವಿರ ಸಸ್ತನಿ ಜಾತಿಗಳನ್ನು ನೋಡಿದರು. ಜೋಡಿಯಾಗಿ ಬಾಳುವವು ನೂರಕ್ಕೆ 9ರಷ್ಟು ಮಾತ್ರ. ಅವರ ಪ್ರಕಾರ ಕಾರಣ ಜಾಗ. ಹೆಣ್ಣುಗಳು ದೂರ ದೂರ ಚದುರಿ ಬದುಕಿದರೆ ಒಂದು ಗಂಡು ಎರಡನ್ನು ಕಾಯಲಾರದು. ಇರುವ ಒಂದರ ಪಕ್ಕ ಉಳಿಯುವುದೇ ಜಾಣತನ. ಕಿಟ್ ಓಪಿ ಮತ್ತು ಸಂಗಡಿಗರು ನೋಡಿದ್ದು 230 ಜಾತಿಯ ಪ್ರೈಮೇಟ್‌ಗಳನ್ನು, ಅಂದರೆ ಕೋತಿ, ವಾನರಗಳ ಗುಂಪನ್ನು. ಅವರ ಪ್ರಕಾರ ಕಾರಣ ಮರಿಹತ್ಯೆ. ಹಾಲು ಕುಡಿಸುವ ಹೆಣ್ಣು ಮತ್ತೆ ಬೇಗ ಬೆದೆಗೆ ಬರಲಿ ಎಂದು ಹೊರಗಿನ ಗಂಡು ಅವಳ ಮರಿಯನ್ನು ಕೊಲ್ಲುತ್ತದೆ. ಅಪ್ಪ ಪಕ್ಕದಲ್ಲಿದ್ದರೆ ಮರಿ ಉಳಿಯುತ್ತದೆ.

ಜಗಳ ಇನ್ನೂ ಮುಗಿದಿಲ್ಲ. ಇವೆರಡರಲ್ಲಿ ಒಂದೂ ಪ್ರೀತಿಯ ಕಥೆ ಅಲ್ಲ ಅನ್ನೋದನ್ನು ಮಾತ್ರ ಗಮನಿಸಿ. ಒಂದರಲ್ಲಿ ಗಂಡು ಕಾವಲುಗಾರ, ಇನ್ನೊಂದರಲ್ಲಿ ಅಂಗರಕ್ಷಕ.

ಮನುಷ್ಯರ ವಿಷಯಕ್ಕೆ ಬಂದರೆ ಇನ್ನೊಂದು ಕಾರಣ ಸೇರುತ್ತದೆ. ನಮ್ಮ ಮಗು ವಿಪರೀತ ದುಬಾರಿ. ಅದು ತನ್ನ ಕಾಲ ಮೇಲೆ ನಿಲ್ಲುವಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ಕ್ಯಾಲೊರಿ ಉಣಿಸಬೇಕು ಎಂಬ ಅಂದಾಜಿದೆ. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ತಾಯಿ ಒಬ್ಬಳಿಂದ ಇದು ಆಗದ ಮಾತು. ಅಪ್ಪ ಬೇಕು. ಅಜ್ಜಿಯೂ ಬೇಕು, ದೊಡ್ಡ ಮಕ್ಕಳೂ ಬೇಕು. ಹೀಗಾಗಿ ನಾವು ಒಂದು ವಿಚಿತ್ರ ಏರ್ಪಾಡಿಗೆ ಬಂದೆವು. ಗಿಬ್ಬನ್ ಎಂಬ ವಾನರಗಳಲ್ಲಿ ಒಂದು ಜೋಡಿ ಒಂದು ಕಾಡಿನ ತುಂಡಿನಲ್ಲಿ ತಾವೇ ತಾವಾಗಿರುತ್ತವೆ. ಚಿಂಪಾಂಜಿಗಳಲ್ಲಿ ದೊಡ್ಡ ಗುಂಪಿದೆ, ಜೋಡಿ ಇಲ್ಲ. ನಮ್ಮಲ್ಲಿ ಎರಡೂ ಇದೆ: ಜೋಡಿಯೂ ಉಂಟು, ಸುತ್ತಲೂ ನೂರು ಜನರ ಗುಂಪೂ ಉಂಟು. ಸಸ್ತನಿಗಳಲ್ಲಿ ಇದು ಬಹಳ ಅಪರೂಪ. ದಿನವೂ ಬೇರೆ ಜೋಡಿಗಳನ್ನು ನೋಡುತ್ತ, ಅವರ ಜೊತೆ ದುಡಿಯುತ್ತ ನಕ್ಕು ಮಾತಾಡುತ್ತ, ಆದರೂ ತನ್ನ ಜೋಡಿಯ ಬಳಿಗೇ ಮರಳಬೇಕು. ಕಷ್ಟ ಇರುವುದು ಇಲ್ಲಿ. ಗಿಬ್ಬನ್‌ಗೆ ಇಲ್ಲದ ಕಷ್ಟ ಇದು. ನಿಯಮ, ಗಾಳಿಮಾತು, ಹೊಟ್ಟೆಕಿಚ್ಚು, ಕಥೆ ಎಲ್ಲ ಇಲ್ಲಿಂದಲೇ ಹುಟ್ಟುತ್ತವೆ ಎಂದರೆ ತಪ್ಪಾಗಲಾರದು.

## ನಿಷ್ಠೆಯ ರಾಸಾಯನಿಕ ಸಿಕ್ಕಿತು, ಜಾರಿತು

"ಎಲ್ಲ ಹಾರ್ಮೋನ್ ಆಟ" ಎನ್ನುವವರೂ ಇದ್ದಾರೆ. ಅವರ ಆಧಾರ ಅಮೆರಿಕದ ಹುಲ್ಲುಗಾವಲಿನ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿ. ಅದು ಜೋಡಿ ಕಟ್ಟುತ್ತದೆ. ಅದರ ದಾಯಾದಿ ಮೆಡೋ ವೋಲ್ ಕಟ್ಟುವುದಿಲ್ಲ. 2004ರಲ್ಲಿ ಸಂಶೋಧಕರು ಮೆಡೋ ವೋಲ್ ಗಂಡಿನ ಮಿದುಳಿನ ಒಂದು ಭಾಗದಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿದರು. ಅಲೆಮಾರಿ ಗಂಡು ಒಂದೇ ಹೆಣ್ಣಿನ ಪಕ್ಕ ಕೂರತೊಡಗಿತು. ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಿಗೂ ಇಂಥದೇ ಹೆಸರು ಬಂತು.

ಆಮೇಲೆ 2023ರಲ್ಲಿ ಇನ್ನೊಂದು ತಂಡ ಜೀನ್ ಕತ್ತರಿಸುವ ತಂತ್ರ ಬಳಸಿ ಆಕ್ಸಿಟೋಸಿನ್ ಗ್ರಾಹಕವೇ ಇಲ್ಲದ ಪ್ರೇರಿ ವೋಲ್‌ಗಳನ್ನು ಹುಟ್ಟಿಸಿತು. ಅವು ಜೋಡಿ ಕಟ್ಟಲಾರವು ಎಂಬ ನಿರೀಕ್ಷೆಯಿತ್ತು. ಕಟ್ಟಿದವು. ಮರಿಗಳನ್ನೂ ಸಾಕಿದವು. ಇಲಿಯ ನಿಷ್ಠೆಯೇ ಒಂದು ಗುಂಡಿ ಒತ್ತಿದರೆ ಬರುವಂಥದ್ದಲ್ಲ ಎಂದಾದರೆ ಮನುಷ್ಯರದು ಬರುತ್ತದೆಯೇ.

## ಸಮಾಜಗಳ ಲೆಕ್ಕ

ಒಂದೇ ಸಂಗಾತಿ ಸಹಜವಲ್ಲ ಎನ್ನುವವರು ತೋರಿಸುವುದು ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಅವರ ಜನಾಂಗಗಳ ಕೋಷ್ಟಕವನ್ನು. ಅದರಲ್ಲಿ 1,231 ಸಮಾಜಗಳಿವೆ. ಗಂಡಿಗೆ ಒಬ್ಬಳೇ ಹೆಂಡತಿ ಎಂಬ ನಿಯಮ ಇದ್ದದ್ದು 186ರಲ್ಲಿ. ಹೆಚ್ಚು ಹೆಂಡಿರಿಗೆ ಅವಕಾಶ ಇದ್ದದ್ದು ಸಾವಿರಕ್ಕೂ ಹೆಚ್ಚು ಸಮಾಜಗಳಲ್ಲಿ. ಇದನ್ನು ನೋಡಿದರೆ ಒಬ್ಬಳೇ ಹೆಂಡತಿ ಎಂಬುದೇ ಅಪವಾದ.

ಆದರೆ ಸಮಾಜಗಳನ್ನು ಎಣಿಸುವುದು ಬೇರೆ, ಜನರನ್ನು ಎಣಿಸುವುದು ಬೇರೆ. ಅವಕಾಶ ಇದ್ದ ಕಡೆಯೂ ಬಹುಪಾಲು ಗಂಡಸರಿಗೆ ಇದ್ದದ್ದು ಒಬ್ಬಳೇ. ಇನ್ನೊಬ್ಬಳನ್ನು ತರುವ ಶಕ್ತಿ ಇದ್ದದ್ದು ಮುಖಂಡನಿಗೆ, ಸಿರಿವಂತನಿಗೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2020ರ ಕೊನೆಯಲ್ಲಿ ಹೇಳಿದಂತೆ ಈಗ ಜಗತ್ತಿನ ಜನರಲ್ಲಿ ಇಂಥ ಮನೆಗಳಲ್ಲಿ ಇರುವವರು ನೂರಕ್ಕೆ ಇಬ್ಬರು.

ಸಿರಿವಂತರಿಗೆ ಲಾಭ ಇದ್ದ ಪದ್ಧತಿಯನ್ನು ಇಷ್ಟು ಸಮಾಜಗಳು ಬಿಟ್ಟುಕೊಟ್ಟದ್ದು ಯಾಕೆ? 2012ರಲ್ಲಿ ಜೋಸೆಫ್ ಹೆನ್ರಿಚ್, ರಾಬರ್ಟ್ ಬಾಯ್ಡ್, ಪೀಟರ್ ರಿಚರ್ಸನ್ ಇದಕ್ಕೊಂದು ವಿವರಣೆ ಕೊಟ್ಟರು. ಅದರ ತಿರುಳು ಹೀಗೆ. ಇಪ್ಪತ್ತು ಗಂಡು, ಇಪ್ಪತ್ತು ಹೆಣ್ಣು ಇರುವ ಊರು. ಮೇಲಿನ ನಾಲ್ವರು ತಲಾ ಮೂವರನ್ನು ಮದುವೆಯಾದರೆ ಹನ್ನೆರಡು ಹೆಣ್ಣು ಅಲ್ಲಿಗೇ ಮುಗಿಯಿತು. ಉಳಿದ ಎಂಟು ಹೆಣ್ಣಿಗೆ ಹದಿನಾರು ಗಂಡು. ಎಂಟು ಜನರಿಗೆ ಮದುವೆಯೇ ಇಲ್ಲ. ಕಳೆದುಕೊಳ್ಳಲು ಏನೂ ಇಲ್ಲದ ಎಂಟು ಹುಡುಗರು ಊರಲ್ಲಿದ್ದರೆ ಕಳ್ಳತನ, ಹೊಡೆದಾಟ ಹೆಚ್ಚುತ್ತವೆ. ಹುಡುಗಿಯರ ಮದುವೆಯ ವಯಸ್ಸು ಇಳಿಯುತ್ತದೆ, ಅವರ ಮೇಲೆ ಕಾವಲು ಬಿಗಿಯಾಗುತ್ತದೆ. ಒಬ್ಬನಿಗೆ ಒಬ್ಬಳೇ ಎಂದ ಸಮಾಜದಲ್ಲಿ ಈ ಬಿಸಿ ಕಡಿಮೆ. ಅಂಥ ಸಮಾಜ ಗೆದ್ದಿತು, ಹರಡಿತು ಎಂಬುದು ಅವರ ವಾದ. ಟೀಕೆ ಏನೆಂದರೆ, ಕಾನೂನು ಒಬ್ಬಳೇ ಎಂದ ಗ್ರೀಸ್, ರೋಮ್‌ಗಳಲ್ಲೂ ಮನೆಯ ಗುಲಾಮ ಹೆಂಗಸರು ಯಜಮಾನನ ಕೈಗೆ ಸಿಕ್ಕವರೇ ಆಗಿದ್ದರು. ಕಾನೂನಿನ ಪುಸ್ತಕದಲ್ಲಿ ಹೆಂಡತಿಯ ಲೆಕ್ಕ ಮಾತ್ರ ಇತ್ತು.

ಗುಟ್ಟಾಗಿ ನಡೆಯುವುದರ ಲೆಕ್ಕವೋ? ಹತ್ತರಲ್ಲಿ ಒಂದು ಮಗುವಿಗೆ ಅಪ್ಪ ಬೇರೆ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಮಾರ್ಟೆನ್ ಲಾರ್ಮುಸೋ ಎಂಬ ಬೆಲ್ಜಿಯಂ ಸಂಶೋಧಕರು ನೂರಾರು ವರ್ಷಗಳ ವಂಶಾವಳಿಯನ್ನು ಡಿಎನ್‌ಎಗೆ ತಾಳೆ ಹಾಕಿ ನೋಡಿದರು. ಸಿಕ್ಕದ್ದು ನೂರಕ್ಕೆ ಒಂದರ ಆಸುಪಾಸು. 19ನೇ ಶತಮಾನದ ಕಿಕ್ಕಿರಿದ ನಗರಗಳ ಬಡವರಲ್ಲಿ ಮಾತ್ರ 6ರವರೆಗೆ ಏರಿತ್ತು. ರೈತರಿಗೂ ಆ ನಗರದವರಿಗೂ ಜೀನ್ ಬೇರೆಯೇನಲ್ಲ. ಬದುಕಿದ ಜಾಗ ಬೇರೆ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ನಮೀಬಿಯಾದ ಹಿಂಬಾ ಪಶುಪಾಲಕರು. ಬ್ರೂಕ್ ಸ್ಕೆಲ್ಜಾ ಅವರ ತಂಡ 2020ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನದಲ್ಲಿ ಮದುವೆಯಾದ ಹೆಂಗಸರ ಮಕ್ಕಳಲ್ಲಿ 48% ಗಂಡನವರಲ್ಲ. ಇಲ್ಲಿ ಗುಟ್ಟು ಎಂಬುದೇ ಕಡಿಮೆ. ಗಂಡಸರು ದನ ಹೊಡೆದುಕೊಂಡು ತಿಂಗಳುಗಟ್ಟಲೆ ದೂರ ಇರುತ್ತಾರೆ. ಇಬ್ಬರಿಗೂ ಬೇರೆ ಸಂಬಂಧ ಇರಬಹುದು ಎಂಬುದು ಊರಿಗೇ ಗೊತ್ತು. ಅಂಥ ಮಗುವಿಗೆ ಓಮೋಕಾ ಎಂಬ ಹೆಸರೇ ಇದೆ. ಗಂಡನೇ ಅದರ ಅಪ್ಪ ಎನಿಸಿಕೊಂಡು ಸಾಕುತ್ತಾನೆ. ಸ್ಕೆಲ್ಜಾ ಅವರ 2011ರ ಅಧ್ಯಯನದಲ್ಲಿ ಇನ್ನೊಂದು ಅಂಶವಿತ್ತು. ಓಮೋಕಾ ಮಕ್ಕಳು ಇದ್ದದ್ದು ಹಿರಿಯರು ನಿಶ್ಚಯಿಸಿದ ಮದುವೆಗಳಲ್ಲಿ. ತಾವೇ ಮೆಚ್ಚಿ ಮದುವೆಯಾದವರಲ್ಲಿ ಒಂದೂ ಇರಲಿಲ್ಲ. ನೂರಾರು ಪುಟ ಬೇಕಾದ ಕಾದಂಬರಿ ಆ ಒಂದು ಸಾಲಿನಲ್ಲಿದೆ.

## ನಿಯಮ ಇದ್ದಲ್ಲೇ ಕಥೆ

ಕಾದಂಬರಿ ಅಂದ ಮೇಲೆ ಅಲ್ಲಿಗೇ ಹೋಗೋಣ. ಕಥೆಗಳಲ್ಲಿ ಒಂದೇ ಸಂಗಾತಿಯ ಸ್ಥಾನ ಏನು?

ಮೊದಲು ಕಾಣುವುದು ಗೈರುಹಾಜರಿ. ಜೋಡಿ ಸೇರುವವರೆಗೂ ಕಥೆ ನಡೆಯುತ್ತದೆ. ಸೇರಿದ ಮೇಲೆ "ಸುಖವಾಗಿದ್ದರು" ಎಂಬ ಒಂದು ಮಾತು, ಪುಸ್ತಕ ಮುಚ್ಚಿತು. ಒಂದೇ ಸಂಗಾತಿಯ ಬದುಕು ಶುರುವಾಗುವುದು ಅಲ್ಲಿಂದ. ಸರಿಯಾಗಿ ಅಲ್ಲಿಗೇ ಹೇಳುವವರು ಎದ್ದು ಹೋಗುತ್ತಾರೆ. ಜಗಳ ಇಲ್ಲದ ಕಡೆ ಕಥೆಗೆ ಕೆಲಸ ಇಲ್ಲ ಎಂಬುದು ಒಂದು ಕಾರಣ. ಮೂವತ್ತು ವರ್ಷದ ದಾಂಪತ್ಯದಲ್ಲಿ ಜಗಳಕ್ಕೇನೂ ಬರ ಇಲ್ಲವಲ್ಲ ಎಂದು ಕೇಳಿದರೆ ಅದಕ್ಕೆ ಉತ್ತರ ಕಷ್ಟ. ಅದನ್ನು ಬರೆಯುವುದೇ ಕಷ್ಟ ಅನ್ನೋದು ಹೆಚ್ಚು ನಿಜ ಇರಬೇಕು.

ಎರಡನೆಯದು, ನಿಷ್ಠೆಯ ತಕ್ಕಡಿ ಎಂದೂ ಸಮ ಇರಲಿಲ್ಲ. ಹೋಮರನ ಗ್ರೀಕ್ ಮಹಾಕಾವ್ಯ ಒಡಿಸ್ಸಿಯಲ್ಲಿ ಪೆನೆಲೊಪಿ ಗಂಡನಿಗಾಗಿ ಇಪ್ಪತ್ತು ವರ್ಷ ಕಾಯುತ್ತಾಳೆ. ಮಾವನಿಗೆ ಹೆಣದ ಬಟ್ಟೆ ನೇಯುವುದು ಮುಗಿಯಲಿ, ಆಮೇಲೆ ಮರುಮದುವೆ ಎಂದು ಹಗಲು ನೇಯುತ್ತಾಳೆ, ರಾತ್ರಿ ಬಿಚ್ಚುತ್ತಾಳೆ. ಅದೇ ಹೊತ್ತಿಗೆ ಗಂಡ ಒಡಿಸ್ಸಿಯಸ್ ಮಾಯಾವಿನಿ ಸರ್ಸಿಯ ಮನೆಯಲ್ಲಿ ಒಂದು ವರ್ಷ, ಅಪ್ಸರೆ ಕ್ಯಾಲಿಪ್ಸೊ ಜೊತೆ ಏಳು ವರ್ಷ. ಅವನು ಮನೆಗಾಗಿ ಅತ್ತದ್ದು ನಿಜ, ಇಲ್ಲವೆನ್ನುವಂತಿಲ್ಲ. ಕೊನೆಯಲ್ಲಿ ಅವಳು ಅವನನ್ನು ಪರೀಕ್ಷಿಸುತ್ತಾಳೆ: ಮಂಚವನ್ನು ಕೋಣೆಯ ಹೊರಗೆ ಹಾಕಿಸುತ್ತೇನೆ ಎನ್ನುತ್ತಾಳೆ. ಅವನು ಸಿಟ್ಟಾಗುತ್ತಾನೆ. ಆ ಮಂಚದ ಒಂದು ಕಾಲು ನೆಲದಲ್ಲಿ ಬೇರೂರಿದ ಆಲಿವ್ ಮರ. ಅವನೇ ಕೆತ್ತಿದ್ದು. ಕದಲಿಸಲಾಗದು. ಗಂಡನೇ ಹೌದು ಎಂದು ಅವಳಿಗೆ ಗೊತ್ತಾಗುವುದು ಹಾಗೆ. ಆ ಪರೀಕ್ಷೆಯಲ್ಲಿ ಕ್ಯಾಲಿಪ್ಸೊ ಬಗ್ಗೆ ಪ್ರಶ್ನೆ ಇಲ್ಲ.

ಮಹಾಭಾರತ ಬೇರೆ ಏರ್ಪಾಡನ್ನೇ ಮುಂದಿಡುತ್ತದೆ. ದ್ರೌಪದಿಗೆ ಐವರು ಗಂಡಂದಿರು. ಅಲ್ಲಿ ನಿಯಮ ಇಲ್ಲ ಎಂದುಕೊಂಡರೆ ತಪ್ಪು. ಒಬ್ಬ ಅವಳ ಜೊತೆ ಇರುವಾಗ ಇನ್ನೊಬ್ಬ ಒಳಗೆ ಬಂದರೆ ಹನ್ನೆರಡು ವರ್ಷ ವನವಾಸ. ಬ್ರಾಹ್ಮಣನ ಹಸು ಬಿಡಿಸಲು ಆಯುಧ ಬೇಕಾಗಿ ಅರ್ಜುನ ಒಳಗೆ ಕಾಲಿಡುತ್ತಾನೆ. ಧರ್ಮರಾಯ ಪರವಾಗಿಲ್ಲ ಎಂದರೂ ಹೊರಟುಬಿಡುತ್ತಾನೆ. ನಿಯಮ ಮುರಿದ ತಪ್ಪಿಗೆ ಹೋದ ಆ ಯಾತ್ರೆಯಲ್ಲೇ ಉಲೂಪಿ, ಚಿತ್ರಾಂಗದೆ, ಸುಭದ್ರೆ ಮೂವರೂ ಅವನಿಗೆ ಸಿಗುತ್ತಾರೆ! ಕವಿ ಇದನ್ನು ಹೇಳುವಾಗ ಒಳಗೊಳಗೇ ನಕ್ಕಿರಬೇಕು.

19ನೇ ಶತಮಾನಕ್ಕೆ ಬಂದರೆ ನಗು ಮಾಯ. ಯುರೋಪಿನ ದೊಡ್ಡ ಕಾದಂಬರಿಗಳ ಹೆಸರೇ ದಾರಿ ತಪ್ಪಿದ ಹೆಂಡತಿಯ ಹೆಸರು. ಎಮ್ಮಾ ಬೊವಾರಿ ವಿಷ ತಿನ್ನುತ್ತಾಳೆ, ಅನ್ನಾ ಕರೆನಿನಾ ರೈಲಿಗೆ ಬೀಳುತ್ತಾಳೆ. ಬರೆದವರು ಗಂಡಸರು. 1857ರಲ್ಲಿ ಬೊವಾರಿ ಕಾದಂಬರಿಯ ಮೇಲೆ ಫ್ರಾನ್ಸಿನಲ್ಲಿ ಮೊಕದ್ದಮೆ ನಡೆಯಿತು, ಲೇಖಕ ಬಿಡುಗಡೆಯಾದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೊಸ ವಿಚ್ಛೇದನ ಕಾನೂನು ಬಂತು. ಹೆಂಡತಿ ಬೇರೆಯವನ ಜೊತೆ ಹೋದಳು ಎಂಬುದೊಂದೇ ಸಾಕು, ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಹಿಂಸೆಯನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕು. ಇದು ಸಮ ಆಗಲು 1923 ಬೇಕಾಯಿತು. ಕಾರಣ ಆಸ್ತಿ. ಆಸ್ತಿ ಅಪ್ಪನಿಂದ ಮಗನಿಗೆ ಹೋಗುವ ಸಮಾಜದಲ್ಲಿ ಮಗು ಯಾರದು ಎಂಬ ಸಂಶಯ ಬರುವುದು ಹೆಂಡತಿಯ ಕಡೆಯಿಂದ ಮಾತ್ರ. ಕಾದಂಬರಿಯ ಭಯವೂ ಅಲ್ಲೇ ಹೆಪ್ಪುಗಟ್ಟಿತು.

ಈಗ ನಿಯಮವನ್ನೇ ತಿರುವಿ ಹಾಕಿದರೆ? ಆಲ್ಡಸ್ ಹಕ್ಸ್ಲಿ 1932ರಲ್ಲಿ ಪ್ರಕಟಿಸಿದ ಬ್ರೇವ್ ನ್ಯೂ ವರ್ಲ್ಡ್ ಕಾದಂಬರಿಯ ಲೋಕದಲ್ಲಿ ಮದುವೆ ಇಲ್ಲ, ಅಪ್ಪ-ಅಮ್ಮ ಇಲ್ಲ. ಎಲ್ಲರೂ ಎಲ್ಲರಿಗೂ ಸೇರಿದವರು. ಲೆನಿನಾ ಎಂಬ ಹುಡುಗಿ ನಾಲ್ಕು ತಿಂಗಳಿಂದ ಒಬ್ಬನ ಜೊತೆ ಮಾತ್ರ ಓಡಾಡುತ್ತಿದ್ದಾಳೆ. ಅವಳ ಗೆಳತಿಗೆ ಇದು ಹೇಸಿಗೆ. ಸ್ವಲ್ಪ ಮರ್ಯಾದೆಯಿಂದ ಇರಬಾರದೇ, ಇನ್ನೊಬ್ಬರ ಜೊತೆಯೂ ಹೋಗಬಾರದೇ ಎಂಬ ಧಾಟಿಯಲ್ಲಿ ಬೈಯುತ್ತಾಳೆ. ಓದುವವರಿಗೆ ನಗು ಬರುತ್ತದೆ. ನಗುವಿನ ಹಿಂದೆಯೇ ಇನ್ನೊಂದು ವಿಷಯ ಹೊಳೆಯುತ್ತದೆ. ಒಬ್ಬರೇ ಎಂಬ ನಿಯಮ ಇರುವ ಲೋಕದಲ್ಲಿ ಇಬ್ಬರನ್ನು ಬಯಸುವುದು ಬಂಡಾಯ. ಎಲ್ಲರೂ ಎಂಬ ನಿಯಮ ಇರುವ ಲೋಕದಲ್ಲಿ ಒಬ್ಬರನ್ನೇ ಬಯಸುವುದು ಬಂಡಾಯ.

ಒಂದೇ ಸಂಗಾತಿ ಸಹಜವೋ ಅಲ್ಲವೋ ಎಂದು ಕಥೆಗಳಿಂದ ಸಾಬೀತು ಮಾಡಲು ಹೊರಡುವುದು ವ್ಯರ್ಥ ಎನ್ನುವುದು ಈ ಕಾರಣಕ್ಕೇ. ವ್ಯಭಿಚಾರದ ಕಥೆಗಳು ಇಷ್ಟಿವೆ, ಆದ್ದರಿಂದ ಮನುಷ್ಯರು ಸಹಜವಾಗಿ ಚಂಚಲರು ಎಂಬ ವಾದ ಆಗಾಗ ಕೇಳಿಬರುತ್ತದೆ. ಕೊಲೆಯ ಕಥೆಗಳು ಅದಕ್ಕಿಂತ ಜಾಸ್ತಿ ಇವೆ. ಕಥೆಗಳಿಂದ ತಿಳಿಯುವುದು ಒಂದು ಸಮಾಜ ಯಾವುದಕ್ಕೆ ಹೆದರುತ್ತದೆ ಎಂಬುದು. ಬಹುಪತ್ನಿತ್ವ ಇದ್ದ ಲೋಕದ ಕಥೆಗಳಲ್ಲಿ ಸವತಿ ಮತ್ಸರ ತುಂಬಿದೆ, ಪರಸಂಗದ ಸಂಕಟ ಕಡಿಮೆ. ಅಯೋಧ್ಯೆಯ ಕೇಡು ಶುರುವಾದದ್ದು ಮೂವರು ರಾಣಿಯರ ಅಂತಃಪುರದಲ್ಲಿ, ಯಾರೋ ದಾರಿ ತಪ್ಪಿದ್ದರಿಂದಲ್ಲ.

## ಮುಂದೆ ಏನಾಗಬಹುದು?

66 ಎಂಬ ಅಂಕಿ ಇನ್ನು ಮೇಲೆ ವಾದಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಮದುವೆಯನ್ನು ಬಿಗಿ ಮಾಡಬೇಕು ಎನ್ನುವವರೂ ಸಡಿಲಿಸಬೇಕು ಎನ್ನುವವರೂ ಅದನ್ನೇ ತೋರಿಸುತ್ತಾರೆ. ಅವರು ಒಮ್ಮೆ ಪಟ್ಟಿಯಲ್ಲಿ ನಮಗಿಂತ ಸ್ವಲ್ಪ ಕೆಳಗಿರುವ ಮೀರ್‌ಕ್ಯಾಟ್ ಕಡೆ ನೋಡಿದರೆ ಒಳ್ಳೆಯದು. ಅಲ್ಲಿ 60 ಬರುವುದು ಗುಂಪಿನ ಯಜಮಾನಿ ಹೆಣ್ಣು ಬೇರೆ ಹೆಣ್ಣುಗಳನ್ನು ಹೆರಲು ಬಿಡದೆ, ಹೆತ್ತರೆ ಮರಿಗಳನ್ನು ಕೊಲ್ಲುವುದರಿಂದ ಕೂಡ. ಸಹಜ ಎಂಬ ಮೊಹರು ಬಿದ್ದ ಮಾತ್ರಕ್ಕೆ ಒಳ್ಳೆಯದು ಎಂದಾಗುವುದಾದರೆ ಅದಕ್ಕೂ ಮೊಹರು ಒತ್ತಬೇಕಾಗುತ್ತದೆ.

ಕಾನೂನು ಬದಲಾಗುವುದು ಇಂಥ ಅಂಕಿಗಳಿಂದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಾಮರ್‌ವಿಲ್ ನಗರಸಭೆ 2020ರಲ್ಲಿ ಒಟ್ಟಿಗೆ ಬಾಳುವ ಸಂಗಾತಿಗಳ ನೋಂದಣಿ ನಿಯಮ ಮಾಡುವಾಗ "ಇಬ್ಬರೂ" ಎಂಬರ್ಥದ ಮಾತನ್ನು ಹೊಡೆದು ಹಾಕಿ "ಎಲ್ಲರೂ" ಎಂದು ಬರೆಯಿತು. ಮೂವರು, ನಾಲ್ವರು ಸಂಗಾತಿಗಳಾಗಿ ಹೆಸರು ಬರೆಸಲು ಅವಕಾಶವಾಯಿತು. ಅಲ್ಲಿ ಯಾರೂ ವೋಲ್‌ಗಳ ಬಗ್ಗೆ ಚರ್ಚಿಸಲಿಲ್ಲ. ಕೋವಿಡ್ ಕಾಲ. ಆಸ್ಪತ್ರೆಯಲ್ಲಿರುವ ಸಂಗಾತಿಯನ್ನು ನೋಡಲು ಯಾರಿಗೆ ಹಕ್ಕಿದೆ, ಆರೋಗ್ಯ ವಿಮೆ ಯಾರಿಗೆ ಸಿಗುತ್ತದೆ ಎಂಬಂಥ ಪ್ರಶ್ನೆಗಳು ಮುಂದಿದ್ದವು.

ದೊಡ್ಡ ಬದಲಾವಣೆ ಬರುತ್ತಿರುವುದು ಇನ್ನೊಂದು ದಿಕ್ಕಿನಿಂದ. ಅಪ್ಪ ಯಾರು ಎಂಬುದು ಶತಮಾನಗಳ ಕಾಲ ಅಮ್ಮನಿಗೆ ಮಾತ್ರ ಗೊತ್ತಿರಬಹುದಾದ, ಕೆಲವೊಮ್ಮೆ ಅವಳಿಗೂ ಗೊತ್ತಿಲ್ಲದ ಗುಟ್ಟು. ಎಷ್ಟೋ ಕಾದಂಬರಿಗಳು ನಿಂತಿದ್ದೇ ಆ ಗುಟ್ಟಿನ ಮೇಲೆ. ಸಾಯುವ ಮುದುಕಿ ಕೊನೆಯ ಪುಟದಲ್ಲಿ ಬಾಯಿಬಿಡುತ್ತಾಳೆ, ಇಲ್ಲವೇ ಹಳೆಯ ಪೆಟ್ಟಿಗೆಯಲ್ಲಿ ಪತ್ರ ಸಿಗುತ್ತದೆ. ಈಗ ಮನೆಗೇ ಬರುವ ಡಿಎನ್‌ಎ ಕಿಟ್ ಇದೆ. ಪ್ಲಾಸ್ಟಿಕ್ ಕೊಳವೆಗೆ ಎಂಜಲು ಉಗುಳಿ ಅಂಚೆಗೆ ಹಾಕಿದರೆ ಕೆಲವು ವಾರಗಳಲ್ಲಿ ನೆಂಟರ ಪಟ್ಟಿ ಬರುತ್ತದೆ. ತಮ್ಮ ಪೂರ್ವಜರು ಯಾವ ಸೀಮೆಯವರು ಎಂದು ತಿಳಿಯಲು ಸುಮ್ನೆ ಕುತೂಹಲಕ್ಕೆ ಕಳಿಸಿದವರು ಪಟ್ಟಿಯ ಮೇಲಿನ ಸಾಲು ನೋಡುತ್ತಾರೆ. ಗುರುತಿಲ್ಲದ ಒಂದು ಹೆಸರು. ಪಕ್ಕದಲ್ಲಿ, ಮಲ ಅಕ್ಕ ಅಥವಾ ತಂಗಿ ಇರಬಹುದು ಎಂಬ ಟಿಪ್ಪಣಿ. ಅದರ ಕೆಳಗೆ, ಇವರಿಗೆ ಸಂದೇಶ ಕಳಿಸಿ ಎಂಬ ಗುಂಡಿ.